ತಂಗಿಯ ಪಾಲು

ರಿಪೋರ್ಟ್ ಬಂದಿದೆಯೆಂದು ಫೋನು ಸದ್ದು ಮಾಡಿದಾಗ ಶ್ಯಾಮಲಾ ಬಾಗಿನದ ಮೊರಕ್ಕೆ ಅರಿಸಿನ ಬಳಿಯುತ್ತಿದ್ದಳು. ಹೆಬ್ಬೆರಳು ಒತ್ತಿದಳು. ಫೋನು ತೆರೆಯಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಅರಿಸಿನ ಬೆರಳಿನ ಗೆರೆಗಳೊಳಗೆ ಕೂತಿತ್ತು. ಕೊನೆಗೆ ಬಚ್ಚಲಿಗೆ ಹೋಗಿ ಸೋಪು ಹಾಕಿ ಕೈ ತೊಳೆದು, ಅಲ್ಲೇ ಬಾಗಿಲು ಮುಚ್ಚಿಕೊಂಡು ನೋಡಿದಳು.

ಎಂಬತ್ತೊಂದು.

ಹಿಂದಿನ ಸಲ ತೊಂಬತ್ತೇಳಿತ್ತು. ಅದಕ್ಕೂ ಮೊದಲು ನೂರು.

"ಶಾಮಲಾ, ಶಾಂತಿ ಬರೋ ಒತ್ತಾಯ್ತು. ಮೊರಾನ ಇಂಗೇ ಬಿಟ್ಟೋಗಿದೀಯಲ್ಲವ್ವ," ಹೊರಗಿನಿಂದ ಅತ್ತೆ ರಾಮಕ್ಕ ಕೂಗಿದಳು.

"ಬಂದೆ ಅತ್ತೆ."

ಶ್ಯಾಮಲಾಳ ಗಂಡ ಸಿದ್ದರಾಜುವಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಗಿದ್ದು ಹೋದ ವರ್ಷ. ಔಷಧಿ ಹಾಕಿ ಅವನ ಮೂಳೆಯೊಳಗಿನ ಮಜ್ಜೆಯನ್ನೆಲ್ಲ ಬರಿದು ಮಾಡಿ, ಅಲ್ಲಿಗೆ ಅವನ ತಂಗಿ ಶಾಂತಿಯ ಕಣಗಳನ್ನು ತುಂಬಿದ್ದರು. ಅಂದಿನಿಂದ ಅವನ ಮೈಯಲ್ಲಿ ಹುಟ್ಟಬೇಕಾದದ್ದು ತಂಗಿಯ ರಕ್ತ. ಹಾಗೆಯೇ ಹುಟ್ಟುತ್ತಿದೆಯೇ ಎಂದು ಆಸ್ಪತ್ರೆಯವರು ಆಗಾಗ ನೋಡುತ್ತಿದ್ದರು. ಒಂದಿಷ್ಟು ಕಣಗಳನ್ನು ತೆಗೆದು, ಒಂದೊಂದರೊಳಗೂ ಇರುವುದು ಹೆಣ್ಣಿನ ಗುರುತೋ ಗಂಡಿನ ಗುರುತೋ ಎಂದು ಎಣಿಸುವುದು. ಹೆಣ್ಣಿನದಾದರೆ ಅದು ಶಾಂತಿಯದು. ಗಂಡಿನದಾದರೆ ಸಿದ್ದರಾಜುವಿನ ಹಳೆಯದು, ರೋಗವಿದ್ದ ಮಜ್ಜೆಯದು, ತಿರುಗಿ ತಲೆಯೆತ್ತುತ್ತಿರುವುದು. ಮಾಮೂಲಿ ರಕ್ತಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ಅದು ಬಿಳಿ ಕಣ ಎಷ್ಟು, ಕೆಂಪು ಎಷ್ಟು ಎಂದು ಹೇಳುತ್ತದೆಯೇ ಹೊರತು ಯಾರವು ಎಂದು ಹೇಳುವುದಿಲ್ಲ. ಆ ಪರೀಕ್ಷೆ ಈ ವಾರವೂ ಚೆನ್ನಾಗಿಯೇ ಬಂದಿತ್ತು. ಮಗ ಹುಷಾರಾದ ಎಂದು ರಾಮಕ್ಕ ಚಿಕ್ಕಬಾಣಾವರದ ಅರ್ಧ ಬೀದಿಗೆ ಹೇಳಿಕೊಂಡು ಬಂದಿದ್ದಳು.

ಮೊದಲ ಸಲ ನೂರು ಬಂದ ದಿನ ಸಿದ್ದರಾಜು ಎಷ್ಟೋ ತಿಂಗಳ ಮೇಲೆ ನಕ್ಕಿದ್ದ. "ಇನ್ಮೇಲೆ ನಂಗೂ ಬಸ್ಸಲ್ಲಿ ಫ್ರೀ ಟಿಕೆಟ್ ಕೊಡ್ಬೇಕು ಕಣೇ. ಕಂಡಕ್ಟರ್ ಕೇಳಿದ್ರೆ ರಿಪೋರ್ಟ್ ತೋರಿಸ್ತೀನಿ."

ಶ್ಯಾಮಲಾ ರಿಪೋರ್ಟನ್ನು ಡಾಕ್ಟರಿಗೆ ಕಳಿಸಿದಳು. ಮೊರದ ಎರಡನೆಯ ಮಗ್ಗುಲು ಮುಗಿಯುವುದರೊಳಗೆ ಅವರೇ ಫೋನ್ ಮಾಡಿದರು.

"ಮೇಡಂ, ತಂಗಿ ಕಣಗಳನ್ನ ಹತ್ತಿಕ್ಕೋ ಸಂಜೆ ಮಾತ್ರೆ ಕಡಿಮೆ ಮಾಡೋಣ. ಆದ್ರೆ ಅದೊಂದೇ ಸಾಲಲ್ಲ. ಡೋನರ್ ಹತ್ರ ಇನ್ನೊಂದ್ಸಲ ಬಿಳಿ ಕಣ ತಗೊಂಡು ಇವರಿಗೆ ಕೊಟ್ಟು ನೋಡ್ಬೇಕು. ಆದಷ್ಟು ಬೇಗ. ಅವರನ್ನ ಕೇಳ್ತೀರಾ?"

"ಇವತ್ತೇ ಬರ್ತಾಳೆ ಸಾರ್. ಕೇಳ್ತೀನಿ."

ಮಹಡಿಯ ಮೇಲಿನ ಕೋಣೆ ಸಿದ್ದರಾಜುವಿನದು. ಆಸ್ಪತ್ರೆಯಿಂದ ಬಂದ ಮೇಲೆ ಅವನು ಅಲ್ಲೇ ಇರುತ್ತಿದ್ದ. ಸೋಂಕಿನ ಭಯಕ್ಕೆ ಹೂವು, ಹಸಿ ಹಣ್ಣು, ನೆಂಟರು ಯಾವುದೂ ಒಳಗೆ ಹೋಗುವಂತಿರಲಿಲ್ಲ. ಶ್ಯಾಮಲಾ ಫೋನನ್ನು ಅವನ ಮುಂದೆ ಹಿಡಿದಳು. ಪೀಣ್ಯದ ಟೂಲ್ ರೂಮಿನಲ್ಲಿ ಹನ್ನೆರಡು ವರ್ಷ ಅಳತೆ ನೋಡಿದವನು. ಅಂಕಿ ಓದಲು ಅವನಿಗೆ ಹೊತ್ತು ಹಿಡಿಯಲಿಲ್ಲ.

"ಹತ್ತೊಂಬತ್ತು ನಂದು," ಎಂದ.

"ಶಾಂತೀನ ಕೇಳ್ಬೇಕು. ಇನ್ನೊಂದ್ಸಲ."

"ಇವತ್ತು ಬೇಡ. ಹಬ್ಬ."

"ಡಾಕ್ಟರಿಗೆ ಹೇಳಿಬಿಟ್ಟಿದೀನಿ ರೀ."

ಅವನು ಕಿಟಕಿಯ ಕಡೆ ತಿರುಗಿದ. "ಮೊದಲ ಸಲಾನೇ ಅವಳತ್ತೆ ಏನಂದ್ರು ಗೊತ್ತಲ್ಲ. ಮದ್ವೆಯಾಗಿ ಆರು ವರ್ಷ ಆಯ್ತು, ಮೈಲಿರೋ ರಕ್ತಾನ ತವರಿಗೆ ಸುರಿದು ಬಂದ್ರೆ ಹೊಟ್ಟೆ ಎಲ್ಲಿ ತುಂಬುತ್ತೆ ಅಂತ."

"ಕೇಳ್ತೀನಿ," ಎಂದಳು ಶ್ಯಾಮಲಾ. ಅವನು ಬೇಡವೆನ್ನಲಿಲ್ಲ.

ಶಾಂತಿ ಲಗ್ಗೆರೆಯ ಗಂಡನ ಮನೆಯಿಂದ ಬಂದಾಗ ಹನ್ನೊಂದಾಗಿತ್ತು. ಗಲ್ಲದ ಮೂಳೆ ಎದ್ದು ಕಾಣುತ್ತಿತ್ತು. ಮೆಟ್ಟಿಲ ಕೆಳಗೇ ನಿಂತು ತಲೆಯಿಂದ ಮಲ್ಲಿಗೆ ಬಿಚ್ಚತೊಡಗಿದಳು.

"ಗೌರಿ ಅಬ್ಬದ ದಿನ ಮುಡ್ದಿರೋ ಊವ ತೆಗೀತಾರೇನೇ?" ರಾಮಕ್ಕ ಕೈ ಹಿಡಿದಳು.

"ಅಣ್ಣಂಗೆ ಆಗಲ್ಲ ಕಣಮ್ಮ. ಗೌರಿ ಏನೂ ಅಂದ್ಕೊಳಲ್ಲ ಬಿಡು."

ಕೋಣೆಯ ಹೊಸಿಲಿನಾಚೆ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಸಿದ್ದರಾಜು ಮಾಸ್ಕ್ ಹಾಕಿಕೊಂಡು ಒಳಗೆ ಮಂಚದ ಮೇಲೆ ಕೂತ. ಬಾಗಿನವನ್ನು ಅವನ ಬದಲು ಶ್ಯಾಮಲಾಳೇ ಕೊಟ್ಟಳು. ಶಾಂತಿ ಸೆರಗು ಮುಚ್ಚಿ ತೆಗೆದುಕೊಂಡು, ಅಣ್ಣ ಇರುವ ದಿಕ್ಕಿಗೆ ನೆಲ ಮುಟ್ಟಿ ನಮಸ್ಕರಿಸಿದಳು. ಎದ್ದಾಗ ಕಣ್ಣು ಕತ್ತಲಿಟ್ಟಂತೆ ಗೋಡೆ ಹಿಡಿದಳು.

"ಯಾಕೆ ಇಷ್ಟು ಇಳಿದ್ಹೋಗಿದೀಯಾ?" ಸಿದ್ದರಾಜು ಕೇಳಿದ. "ವಸಂತ್ ಊಟ ಹಾಕ್ತಿಲ್ವಾ?"

"ಅವರು ಹಾಕ್ತಾರೆ. ಒಳಗೆ ನಿಲ್ಲಲ್ಲ." ಶಾಂತಿ ನಕ್ಕಳು. ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಮೂರು ತಿಂಗಳು ತುಂಬೋವರ್ಗೂ ಯಾರಿಗೂ ಹೇಳ್ಬಾರ್ದು ಅಂದವ್ರೆ ನಮ್ಮತ್ತೆ. ಇನ್ನೂ ಎರಡು. ನಿಂಗೆ ಹೇಳ್ದೆ ಇರಕ್ಕಾಗ್ಲಿಲ್ಲ ಅಣ್ಣ."

ರಾಮಕ್ಕ ನೆಲದ ಮೇಲೆ ಕೂತುಬಿಟ್ಟಳು. ಮಗಳ ಮೊಣಕಾಲಿಗೆ ಮುಖ ಒತ್ತಿಕೊಂಡು ಏನೇನೋ ಅಂದಳು. ಸಿದ್ದರಾಜು ಕನ್ನಡಕ ತೆಗೆದು ಬನಿಯನ್ನಿನ ಅಂಚಿಗೆ ಒರೆಸಿಕೊಂಡ.

ಮೊದಲ ಸಲ ಆಸ್ಪತ್ರೆಯಲ್ಲಿ ಶಾಂತಿಯನ್ನು ಕೇಳಿದ್ದರು: ನೀವು ಗರ್ಭಿಣಿಯೇ? "ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ಮೇಡಂ," ಎಂದು ಅವಳು ನರ್ಸನ್ನು ನಗಿಸಿದ್ದಳು. ಗರ್ಭಿಣಿಯಾಗಿದ್ದರೆ ಕಣ ತೆಗೆದುಕೊಳ್ಳುವುದಿಲ್ಲ ಎಂದು ಆ ನರ್ಸೇ ಆಮೇಲೆ ವಿವರಿಸಿದ್ದಳು. ಶ್ಯಾಮಲಾಳಿಗೆ ಈಗ ಯಾರನ್ನೂ ಕೇಳಬೇಕಿರಲಿಲ್ಲ.

"ಆದ್ರೆ ಅಣ್ಣ, ನಂಗೊಂದು ಭಯ." ಶಾಂತಿಯ ದನಿ ತಗ್ಗಿತು. "ಒಂದು ತಿಂಗಳಿಂದ ಒಂದಗುಳು ಒಳಗೆ ಹೋಗ್ತಿಲ್ಲ. ನೀರು ಕುಡಿದ್ರೂ ವಾಂತಿ. ನಿಂಗೇನೂ ಕಮ್ಮಿ ಆಗಿಲ್ಲ ತಾನೆ?"

ಕಣ ಕೊಟ್ಟು ಬಂದ ದಿನದಿಂದ ಶಾಂತಿ ಬೀಟ್‌ರೂಟು, ಲಿವರ್, ರಾಗಿ ಮುದ್ದೆ ಎಂದು ಹಟ ಹಿಡಿದು ತಿನ್ನುತ್ತಿದ್ದಳು. ತಾನು ಉಂಡರೆ ಅಣ್ಣನಿಗೆ ರಕ್ತ ಎಂಬುದು ಅವಳ ಲೆಕ್ಕ. ಶ್ಯಾಮಲಾ ಎಂಎಸ್ಸಿ ಓದಿದವಳು. ಕೊಟ್ಟ ಮೇಲೆ ಅವು ಅಲ್ಲೇ ತಮ್ಮಷ್ಟಕ್ಕೆ ಬೆಳೆಯುತ್ತವೆ, ನಿನ್ನ ಊಟಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಚಿತ್ರ ಬರೆದು ತಿಳಿಸಿದ್ದಳು. "ಅದೆಂಗೆ ಅತ್ತಿಗೆ? ಬಳ್ಳಿ ನಂದು ತಾನೆ," ಎಂದಿದ್ದಳು ಶಾಂತಿ. ಅಲ್ಲಿಗೆ ಮುಗಿದಿತ್ತು.

"ಇನ್ಮೇಲೆ ಮೂರು ಜನಕ್ಕೆ ತಿನ್ಬೇಕು ನಾನು," ಎಂದಳು ಈಗ. "ಒಬ್ರಿಗೂ ಆಗ್ತಿಲ್ಲ. ಇದು ಒಳಗೆ ಕೂತ್ಕೊಂಡು ಎಲ್ಲಾ ಎಳ್ಕೊಂಬಿಡುತ್ತೆ ಅಂತಾರೆ. ಇದರ ಸೋದರಮಾವ ನೀನು, ನಿಂದೂ ಸೇರಿ ಎಳ್ಕೊಂಡ್ರೆ?"

ಶ್ಯಾಮಲಾ ಬಾಯಿ ತೆರೆದಳು.

"ರಿಪೋರ್ಟ್ ಬೆಳಿಗ್ಗೆನೇ ಬಂತು," ಸಿದ್ದರಾಜು ಹೇಳಿದ. "ಚೆನ್ನಾಗೈತೆ."

ಮಾಸ್ಕಿನ ಮೇಲಿನಿಂದ ಅವನು ಹೆಂಡತಿಯನ್ನು ನೋಡಿದ. ಶ್ಯಾಮಲಾ ಕಾಫಿಗಿಡುತ್ತೇನೆಂದು ಕೆಳಗಿಳಿದಳು.

ಒಲೆಯ ಮುಂದೆ ನಿಂತಾಗ, ಇನ್ನೂ ಎರಡೇ ತಿಂಗಳು ಎಂಬ ಮಾತು ಅವಳ ತಲೆಯೊಳಗೆ ಬಂದು ಕೂತಿತು. ಎರಡು ತಿಂಗಳ ಬಸಿರಾದರೆ ತೆಗೆಸಲೂಬಹುದು. ಕೇಳಿದರೆ ಶಾಂತಿ ಹೂಂ ಅನ್ನುತ್ತಾಳೆ. ಗಂಡ ವಸಂತ್‌ನಿಗೂ ಹೇಳದೆ ಬಂದು ಮಲಗುತ್ತಾಳೆ. ಆ ಮಾತು ಎಲ್ಲಿಂದ ಬಂತೆಂದು ಶ್ಯಾಮಲಾ ಹುಡುಕಲಿಲ್ಲ. ಅದನ್ನು ಎಬ್ಬಿಸಿ ಕಳಿಸಲೂ ಇಲ್ಲ. ಹಾಲು ಉಕ್ಕಿ ಒಲೆ ಆರಿತು. ಅವಳು ಮತ್ತೆ ಹೊತ್ತಿಸಿದಳು.

ಊಟಕ್ಕೆ ಕೂತ ಶಾಂತಿ ಎರಡು ತುತ್ತು ಅನ್ನಕ್ಕೇ ಎದ್ದು ಬಚ್ಚಲಿಗೆ ಓಡಿದಳು. ಮಧ್ಯಾಹ್ನ ಕಳೆದ ಮೇಲೆ ಹೊರಟಳು. ಬಾಗಿನದ ಚೀಲ ಭಾರವಿತ್ತು. ಬಸ್ ಸ್ಟಾಪಿನವರೆಗೆ ಶ್ಯಾಮಲಾ ಹೊತ್ತು ತಂದಳು. ಸ್ಟಾಪಿನ ಪಕ್ಕದಲ್ಲಿ ಒಬ್ಬ ಹೆಂಗಸು ತಳ್ಳುಗಾಡಿಯ ಮೇಲೆ ಮುಸುಕಿನ ಜೋಳ ಸುಡುತ್ತಿದ್ದಳು. ನಾಳೆಯ ಗಣೇಶನನ್ನು ತುಂಬಿಕೊಂಡ ಆಟೋಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು.

"ಅತ್ತಿಗೆ," ಎಂದಳು ಶಾಂತಿ. "ಅಣ್ಣ ಸುಳ್ಳು ಹೇಳ್ತಾನೆ. ಚಿಕ್ಕೋನಿದ್ದಾಗಿಂದ್ಲೂ ಹಂಗೇ. ನೀವು ಹೇಳಿ. ನಂದು ಎಷ್ಟೈತೆ?"

ಶ್ಯಾಮಲಾ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದಳು. ಎಂಬತ್ತೊಂದು ಎನ್ನಲು ಉಸಿರು ತೆಗೆದುಕೊಂಡಳು. ಶಾಂತಿಯ ಒಂದು ಕೈ ತನಗೇ ಗೊತ್ತಿಲ್ಲದಂತೆ ಹೊಟ್ಟೆಯ ಮೇಲಿತ್ತು. ಅಲ್ಲಿ ಇನ್ನೂ ಏನೂ ಕಾಣುತ್ತಿರಲಿಲ್ಲ.

ನೂರು ಅಂದರೆ ನಂಬುವುದಿಲ್ಲ.

"ತೊಂಬತ್ತೊಂಬತ್ತು," ಎಂದಳು.

"ನನ್ನಾಣೆ?"

"ನಿನ್ನಾಣೆ."

"ಒಂದು ಕಮ್ಮಿ ಆಯ್ತಲ್ಲ. ಆ ಒಂದು ಯಾರದು?"

"ನಿಮ್ಮಣ್ಣಂದೇ."

ಶಾಂತಿ ಜೋರಾಗಿ ನಕ್ಕಳು. ಕಣ್ಣಲ್ಲಿ ನೀರು ತುಂಬಿತು. "ಇರ್ಲಿ ಬಿಡಿ ಪಾಪ. ಒಂದಾದ್ರೂ ಅವನ್ದು ಅಂತ ಇರ್ಲಿ. ಎಲ್ಲಾ ನಾನೇ ತುಂಬ್ಕೊಂಡ್ರೆ ಅವನೆಲ್ಲೋಗ್ಬೇಕು?"

"ಹೂಂ," ಎಂದಳು ಶ್ಯಾಮಲಾ.

ಶಾಂತಿ ಮುಖ ಒರೆಸಿಕೊಂಡಳು. ಜೋಳದ ವಾಸನೆಗೆ ಮೂಗು ತಿರುಗಿಸಿ, ಒಂದು ಕ್ಷಣ ಪರೀಕ್ಷಿಸುವವಳಂತೆ ಸುಮ್ಮನೆ ನಿಂತಳು. "ವಾಕರಿಕೆ ಬರ್ತಿಲ್ಲ ಕಣ್ರೀ ಅತ್ತಿಗೆ. ಹಸಿವಾಗ್ತಿದೆ," ಎಂದಳು ಆಶ್ಚರ್ಯದಿಂದ. ಒಂದು ತೆನೆ ಕೊಂಡು ನಿಂಬೆ, ಖಾರ ಸವರಿಸಿಕೊಂಡು ಎರಡೂ ಕೈಯಲ್ಲಿ ಹಿಡಿದು ತಿನ್ನತೊಡಗಿದಳು. ಒಂದು ಸಾಲು ಮುಗಿಸಿ ತೆನೆ ತಿರುಗಿಸಿ ಇನ್ನೊಂದು ಸಾಲಿಗೆ ಹಲ್ಲು ಹಾಕಿದಳು.

ಬಸ್ಸು ಬಂತು. ಅವಳು ಹತ್ತಲಿಲ್ಲ.

"ಇನ್ನೊಂದು ಬರುತ್ತೆ," ಎಂದು ಬೆಂಡನ್ನು ಎಸೆದು ಗಾಡಿಯ ಹತ್ತಿರಕ್ಕೆ ಸರಿದಳು. "ಅಕ್ಕಾ, ಇನ್ನೊಂದು ಹಾಕಿ. ಎಳೇದು ನೋಡಿ."

ಹೆಂಗಸು ತೆನೆಯನ್ನು ಕೆಂಡದೊಳಗೆ ಹೂತು ಜೋರಾಗಿ ಬೀಸಿದಳು. ಗಾಳಿ ಇತ್ತ ತಿರುಗಿತು. ಕಿಡಿಗಳು ಎದ್ದು ಶಾಂತಿಯ ಹೊಸ ಸೀರೆಯ ಕಡೆಗೆ ಹಾರಿ ಬಂದವು. ಶ್ಯಾಮಲಾ ಎರಡು ಹೆಜ್ಜೆ ಮುಂದೆ ಬಂದು, ಒಲೆಗೆ ಬೆನ್ನು ಮಾಡಿ, ಅವಳ ಮುಂದೆ ನಿಂತಳು.