ದೊಡ್ಡಮ್ಮನ ಎಡಗೈ ನೂಲು

ಯಾರೇ ಮನೆಗೆ ಬರಲಿ, ಮುಖ ನೋಡುವ ಮೊದಲೇ ಅವರ ತೋಳಿನ ಬಟ್ಟೆಯನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಹೊಸಕಿ ನೋಡುವುದು ನಮ್ಮ ದೊಡ್ಡಮ್ಮನ ಪದ್ಧತಿ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿಯನ್ನು ಕರೆದುಕೊಂಡು ಹೋದಾಗ ಅವಳ ಸ್ವೆಟರಿನ ತುದಿಯನ್ನು ಹೊಸಕಿ, "ಯಂತ್ರದ್ದು. ಆದ್ರೂ ಪರವಾಗಿಲ್ಲ ಅಂತ ಇಟ್ಕೋ" ಎಂದರು. ಆ ಮಾತು ಸ್ವೆಟರಿಗೆ ಹೇಳಿದ್ದೋ ತನಗೆ ಹೇಳಿದ್ದೋ ಎಂಬುದು ನನ್ನ ಹೆಂಡತಿಗೆ ಈವರೆಗೂ ಇತ್ಯರ್ಥವಾಗಿಲ್ಲ.

ದೊಡ್ಡಪ್ಪ ಬಿಟ್ಟುಹೋದ ಕಂದುಬಣ್ಣದ ಕೋಟನ್ನು, ಮೊಣಕಾಲಿಗಿಳಿಯುವಷ್ಟು ಉದ್ದವಿದ್ದರೂ, ಅವರು ಸದಾ ತೊಟ್ಟಿರುತ್ತಿದ್ದರು. ಅದರ ಜೇಬಿನಲ್ಲಿ ನೂಲಲು ಹಿಂಜಿದ ಉಣ್ಣೆ ಇಲ್ಲದ ದಿನವಿರಲಿಲ್ಲ. ನಡಿಗೆಯಲ್ಲೂ ಒಂದು ಲಯ: ನಾಲ್ಕು ಹೆಜ್ಜೆ, ಒಂದು ಕ್ಷಣ ನಿಲುಗಡೆ, ಮತ್ತೆ ನಾಲ್ಕು ಹೆಜ್ಜೆ. ನೂಲು ಎಳೆದು, ಸುತ್ತಿ, ಮತ್ತೆ ಎಳೆಯುವ ಕೈಗೆ ಕಾಲೂ ಹೊಂದಿಕೊಂಡಿತ್ತೆಂದು ಕಾಣುತ್ತದೆ.

ಕುರಿಯ ಮೈಯಿಂದ ಕತ್ತರಿಸಿ ತಂದ ಉಣ್ಣೆಗೆ ಕೆಸರು, ಹುಲ್ಲುಕಡ್ಡಿ, ಜಿಡ್ಡು ಎಲ್ಲವೂ ಅಂಟಿರುತ್ತದೆ. ಅದನ್ನು ತಣ್ಣೀರಿನಲ್ಲಿ ಒಂದು ಹಗಲು ನೆನೆಹಾಕಿ, ಆಮೇಲೆ ಮೊಣಕೈ ಅದ್ದಿ ಬಿಸಿ ನೋಡಿದ ಸಾಬೂನು ನೀರಿಗೆ ಇಳಿಸಿ, ಮಲಗಿದ ಮಗುವನ್ನು ಮುಟ್ಟಿದಂತೆ ಅಂಗೈಯಿಂದ ಒತ್ತಿ ಒತ್ತಿ ತೊಳೆಯುತ್ತಿದ್ದರು. ಒಮ್ಮೆ ನೆರವಾಗುವ ಉತ್ಸಾಹದಲ್ಲಿ ನಾನು ಕುದಿಯುವ ನೀರು ಸುರಿದು, ಬಟ್ಟೆ ಒಗೆದಂತೆ ತಿಕ್ಕಿ ಹಿಂಡಿಬಿಟ್ಟೆ. ಮೋಡದಂತಿದ್ದ ಉಣ್ಣೆ ಗಂಟುಗಟ್ಟಿ ಚಪ್ಪಲಿಯ ಅಟ್ಟೆಯಂತಾಯಿತು. ದೊಡ್ಡಮ್ಮ ಬೈಯಲಿಲ್ಲ. "ನೀನು ಕತೆ ಬರೆಯೋದೇ ವಾಸಿ ಕಣೋ" ಎಂದಷ್ಟೇ ಹೇಳಿ ಬಾಗಿಲ ಕಡೆ ನೋಡಿದರು.

ಅವರ ನೂಲನ್ನು ನೇಯುತ್ತಿದ್ದವನು ಪಕ್ಕದ ಬೀದಿಯ ಮಗ್ಗದವನು. ಅರವತ್ತು ದಾಟಿದ ಮಿತಭಾಷಿ. ಒಂದು ಮಧ್ಯಾಹ್ನ ನಾನು ಅಲ್ಲಿದ್ದಾಗಲೇ ಅವನು ಬಂದು, ಬೂದುಬಣ್ಣದ ಹೊಸ ಶಾಲೊಂದನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಂದೇ ಬಣ್ಣದ ಬಟ್ಟೆಯಲ್ಲಿ ನೆರಳಿನಂಥ ಪಟ್ಟೆಗಳು ಮೂಡಿದ್ದವು.

"ಮೂರು ದಿನದಿಂದ ಮಗ್ಗ ಬಿಚ್ಚಿ ಕಟ್ಟಿ ಸಾಕಾಯ್ತಮ್ಮ. ಎಲ್ಲಿ ತಪ್ತಿದೀನೋ ಗೊತ್ತಾಗ್ತಿಲ್ಲ. ವಯಸ್ಸಾಯ್ತು. ಇನ್ನು ಮಗ್ಗ ಮಗಳ ಮನೆ ಅಟ್ಟಕ್ಕೆ ಕಳಿಸ್ಬಿಡ್ತೀನಿ" ಎಂದ.

ದೊಡ್ಡಮ್ಮ ಶಾಲಿನ ಅಂಚನ್ನು ಎಡಗೈ ಬೆರಳುಗಳಲ್ಲಿ ಹೊಸಕಿ ನೋಡಿದರು. ಸುಮ್ಮನಿದ್ದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕೊನೆಗೆ ಕೋಟಿನ ಜೇಬಿನಿಂದ ಬಲಗೈ ತೆಗೆದು ಮೇಜಿನ ಮೇಲಿಟ್ಟರು. ಅದು ಇಟ್ಟಲ್ಲಿ ಇಟ್ಟಂತೆ ಬಿದ್ದುಕೊಂಡಿತು.

"ತಪ್ಪು ನಿಂದಲ್ಲಪ್ಪ, ಈ ಕೈದು. ಎರಡು ತಿಂಗಳಾಯ್ತು, ಬೆಳಿಗ್ಗೆ ಏಳೋವಾಗ ಮಣಿಕಟ್ಟಿನ ಕಸುವು ಹೋಗಿತ್ತು. ಉಣ್ಣೆ ಹಿಡಿಯುತ್ತೆ, ನೂಲೋ ಕದಿರು ತಿರುಗಿಸಲ್ಲ. ಎಡಗೈಲಿ ತಿರುಗಿಸ್ದೆ. ಹುರಿ ಉಲ್ಟಾ ಬಿದ್ದಿದೆ."

ಒಂದೇ ಉಣ್ಣೆಯಾದರೂ ಹುರಿ ಬಿದ್ದ ದಿಕ್ಕು ಬೇರೆಯಾದರೆ ನೂಲು ಬೆಳಕನ್ನು ಬೇರೆಯಾಗಿ ಹಿಡಿಯುತ್ತದಂತೆ. ಹಳೆಯ ಲಡಿ, ಹೊಸ ಲಡಿ ಎರಡನ್ನೂ ಬೆರೆಸಿ ನೇಯ್ದಿದ್ದ ಆ ಬಡಪಾಯಿ ಕುರ್ಚಿಯಲ್ಲಿ ಕುಸಿದು ಕೂತು ನಿಟ್ಟುಸಿರುಬಿಟ್ಟ. ನನಗೆ ನನ್ನ ಮೇಲೇ ಸಿಟ್ಟು ಬಂತು. ಎರಡು ತಿಂಗಳಿಂದ ಅವರು ಎಡಗೈಯಲ್ಲಿ ನನ್ನ ತೋಳಿನ ಬಟ್ಟೆ ಹೊಸಕುತ್ತಿದ್ದರು, ನಾನು ಗಮನಿಸಿರಲಿಲ್ಲ.

"ಎಡಗೈ ನೂಲು ಬೇರೆ ಇಟ್ಟು ನೇಯ್ತೀನಿ ಬಿಡಿ, ಅದ್ರಲ್ಲೇನಿದೆ" ಎಂದ ಮಗ್ಗದವನು.

"ಬೇಡ" ಎಂದರು ದೊಡ್ಡಮ್ಮ.

ಮರುದಿನ ವೈದ್ಯರಲ್ಲಿಗೆ ಹೋಗಿಬಂದದ್ದಾಯಿತು. ಕೈ ಮೊದಲಿನಂತಾಗದೆಂದು ಅವರು ಹೇಳಿದ್ದೂ ಆಯಿತು. ದೊಡ್ಡಮ್ಮ ಮನೆಗೆ ಬಂದವರೇ ಸ್ಟೂಲಿನ ಮೇಲೆ ಕೂತು, ತೊಡೆಯ ಮೇಲಿಂದ ಮಂಡಿಯತ್ತ ಕದಿರು ಹೊರಳಿಸುವ ಐವತ್ತು ವರ್ಷದ ಅಭ್ಯಾಸವನ್ನು ತಿರುಗುಮುರುಗು ಮಾಡಿ, ಹುರಿ ಹಳೆಯ ದಿಕ್ಕಿಗೇ ಬೀಳಲೆಂದು ಎಡಗೈಯಲ್ಲಿ ಮಂಡಿಯಿಂದ ಮೇಲಕ್ಕೆ ಎಳೆಯತೊಡಗಿದರು. ಕದಿರು ಜಾರಿತು, ಎಳೆ ಹರಿಯಿತು, ಕೈ ಮರೆತು ಹಳೆಯ ದಾರಿಗೇ ಓಡಿತು. ಐದು ತಿಂಗಳ ಬಳಿಕ ಮಗ್ಗದವನು ಹೊಸ ಬಟ್ಟೆಯನ್ನು ಅದೇ ಕಿಟಕಿಗೆ ಹಿಡಿದಾಗ ಪಟ್ಟೆ ಇರಲಿಲ್ಲ. ಅವನು ಬಟ್ಟೆ ಮಡಚಿಟ್ಟು ಮುಂದಿನ ಲಡಿ ಕೇಳಿದ. ಮಗ್ಗ ಅಟ್ಟ ಏರಲಿಲ್ಲ.

ತಪ್ಪನ್ನು ಒಪ್ಪಿಕೊಳ್ಳುವ ಸಜ್ಜನರನ್ನು ಸಾಕಷ್ಟು ಕಂಡಿದ್ದೇನೆ; ಒಪ್ಪಿಕೊಂಡದ್ದಕ್ಕೆ ನಾಲ್ಕು ಜನರ ಮೆಚ್ಚುಗೆ ಪಡೆದು ಅವರು ಹಗುರಾಗಿ ಮನೆಗೆ ಹೋಗುತ್ತಾರೆ. ಒಪ್ಪಿಕೊಂಡ ಮೇಲೆ ಕೆಲಸ ಶುರುವಾಯಿತೆಂದು ಬಗೆಯುವ ಜಾತಿಯೊಂದಿದೆ. ಅದು ವಿರಳ. ಅಂಥವರು, ತಮ್ಮನ್ನು ಸಂತೈಸಲು ಹೋದವರಿಗೆ, ಸ್ವಲ್ಪ ಸರಿದು ಕೂತುಕೋ, ಬೆಳಕಿಗೆ ಅಡ್ಡವಾಗಿದ್ದೀಯೆ, ಎನ್ನುತ್ತಾರೆ.