ಮನೆಗೆ ಬಂದ ಮೇಲೆ

ಶಾರದ ಪೊಟ್ಟಣದ ತುದಿಯನ್ನು ಹಲ್ಲಿನಿಂದ ಹರಿದು ಕಪ್ಪು ಪುಡಿಯನ್ನು ಪ್ಲಾಸ್ಟಿಕ್ ಬಟ್ಟಲಿಗೆ ಸುರಿದಳು. ನೀರು ಹೆಚ್ಚಾದರೆ ಬಣ್ಣ ಕೆನ್ನೆಗೆ ಇಳಿಯುತ್ತದೆ, ಕಡಿಮೆಯಾದರೆ ಕೂದಲಿಗೆ ಹಿಡಿಯುವುದಿಲ್ಲ. ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ನೀರು ಹಾಕಿ ಹಳೆಯ ಟೂತ್‌ಬ್ರಶ್ಶಿನ ಹಿಡಿಯಿಂದ ಕಲಸತೊಡಗಿದಳು. ಒಲೆ ಹಚ್ಚದ ಅಡುಗೆಮನೆ ಬೆಳಗಿನ ಹೊತ್ತಿನಲ್ಲೂ ತಣ್ಣಗಿತ್ತು.

ಹಿಂಬದಿಯ ಜಗಲಿಯಲ್ಲಿ ಬೆಂಚಿನ ಮೇಲೆ ಅವಳ ಗಂಡ ಕೃಷ್ಣಾನಂದನನ್ನು ಮಲಗಿಸಿದ್ದರು. ಹಿಂದಿನ ಸಂಜೆ ಇಲ್ಲೇ ತಿರುವನಂತಪುರದ ಆಸ್ಪತ್ರೆಯಲ್ಲಿ ತೀರಿಹೋಗಿದ್ದ. ಕಾಸರಗೋಡಿನಿಂದ ಅವನ ಅಣ್ಣ ರಾತ್ರಿಯ ರೈಲಿನಲ್ಲಿ ಹೊರಟಿದ್ದರಿಂದ ದೇಹವನ್ನು ಅಲ್ಲಿಯ ಶವಾಗಾರದಲ್ಲೇ ಇರಿಸಿ, ಈಗಷ್ಟೇ ಮನೆಗೆ ತಂದಿದ್ದರು. ಸ್ನಾನ ಮಾಡಿಸಿ, ಮುಂದಿನ ಕೋಣೆಯಲ್ಲಿ ಮಲಗಿಸಿ, ಬಂದವರು ನೋಡಿದ ಮೇಲೆ ವಿದ್ಯುತ್ ಚಿತಾಗಾರಕ್ಕೆ ಒಯ್ಯುವುದೆಂದು ನಿಶ್ಚಯವಾಗಿತ್ತು.

ಸ್ನಾನಕ್ಕೆ ನೀರು ತುಂಬಿಸಲೇ ಎಂದು ಕೇಳಲು ಮಗ ಗಣೇಶಪ್ರಸಾದ್ ಒಳಗೆ ಬಂದ. ಕೊಚ್ಚಿ ಹತ್ತಿರದ ಕಾಕ್ಕನಾಡಿನ ಕಂಪನಿಯ ಕೆಲಸದಲ್ಲಿದ್ದವನು ರಾತ್ರಿಯೇ ಬಂದಿದ್ದ. ಬಟ್ಟಲನ್ನು ನೋಡಿದ, ಅಮ್ಮನ ಮುಖ ನೋಡಿದ, ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ದಾಮೋದರ ಭಾವ ಬಂದು ಬಾಗಿಲಲ್ಲಿ ನಿಂತರು. ಕೃಷ್ಣಾನಂದನಿಗೆ ಅವರೊಬ್ಬರೇ ಅಣ್ಣ. ಕಾಸರಗೋಡಿನ ಕೋರ್ಟಿನಲ್ಲಿ ವಕೀಲರಾಗಿ ವಯಸ್ಸಾದವರು. ದನಿ ಎತ್ತಿ ಮಾತಾಡಿ ಅಭ್ಯಾಸವಿಲ್ಲ.

"ಇದೆಂತ ಮಾಡ್ಲಿಕ್ಕೆ ಹೊರಟದ್ದು ಶಾರದಾ?"

ಕೂದಲಿಗೆ ಬಣ್ಣ ಹಚ್ಚುತ್ತೇನೆಂದು ಶಾರದ ಹೇಳಿದಳು. ಅವರು ಬೇಡವೆಂದು ತಲೆಯಾಡಿಸಿದರು. ಮೈ ತೊಳೆದು ಗಂಧ ಹಚ್ಚಿದರೆ ಆಯಿತು, ಹೋದವರಿಗೆ ಬಣ್ಣ ಹಚ್ಚುವ ಕ್ರಮ ನಮ್ಮಲ್ಲಿಲ್ಲ, ಭಟ್ಟರು ಕಾಯುತ್ತಿದ್ದಾರೆ, ಬಂದವರು ನೋಡಿದರೆ ಏನೆಂದುಕೊಂಡಾರು ಎಂದೆಲ್ಲ ಮೆಲ್ಲಗೆ ತಿಳಿಸಿ ಹೇಳಿದರು. ಕೊನೆಗೆ "ಅಪ್ಪ ಇದ್ದಿದ್ದರೆ..." ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿದರು.

ಅವರು ಯಾಕೆ ನಿಲ್ಲಿಸಿದರೆಂದು ಶಾರದಳಿಗೆ ಗೊತ್ತಿತ್ತು. ಮದುವೆಯಾದ ಹೊಸತರಲ್ಲಿ ಕೃಷ್ಣಾನಂದ ಒಮ್ಮೆ ನಗುತ್ತಲೇ ಹೇಳಿದ್ದ. ಹೈಸ್ಕೂಲಿನಲ್ಲಿದ್ದಾಗ ಮುಂಗೂದಲನ್ನು ಎತ್ತಿ ಬಾಚಿಕೊಂಡದ್ದಕ್ಕೆ ಮಾಸ್ತರರಾಗಿದ್ದ ಅಪ್ಪ ಕ್ಷೌರಿಕನನ್ನು ಮನೆಗೇ ಕರೆಸಿ ತಲೆ ಪೂರ್ತಿ ಬೋಳಿಸಿದ್ದರಂತೆ. ಕೂದಲು ಬೆಳೆಯುವವರೆಗೆ ತಲೆಗೆ ಟವೆಲು ಸುತ್ತಿಕೊಂಡು ಶಾಲೆಗೆ ಹೋದನಂತೆ. ಅಣ್ಣ ಪಕ್ಕದಲ್ಲೇ ನಡೆಯುತ್ತಿದ್ದನಂತೆ.

"ಮನೆಗೆ ಬಂದ ಮೇಲೆ ಹಚ್ಚುವ ಅಂತ ನಾನು ಹೇಳಿದ್ದೆ ಭಾವ," ಎಂದಳು ಶಾರದ. "ಇವತ್ತು ಮನೆಗೆ ಬಂದಿದ್ದಾರೆ."

*

ಕಳೆದ ವಾರ ಜೋಸೆಫ್ ಎರ್ನಾಕುಳಂನಿಂದ ಆಸ್ಪತ್ರೆಗೆ ಬಂದಿದ್ದ. ಕೊಚ್ಚಿ ಬಂದರಿನ ವಿಲ್ಲಿಂಗ್ಡನ್ ಐಲ್ಯಾಂಡಿನ ಹಡಗು ಕಂಪನಿಯ ಕಚೇರಿಯಲ್ಲಿ ಅವನೂ ಕೃಷ್ಣಾನಂದನೂ ಎದುರುಬದುರು ಮೇಜಿನಲ್ಲಿ ಕುಳಿತು ಇಡೀ ಉದ್ಯೋಗಕಾಲ ಕಳೆದವರು. ಬಾಗಿಲಲ್ಲಿ ಅವನ ದನಿ ಕೇಳಿದ್ದೇ ಕೃಷ್ಣಾನಂದ ಮಂಚದ ಸರಳಿನ ಮೇಲಿದ್ದ ಟವೆಲನ್ನು ಎಳೆದು ತಲೆಗೆ ಸುತ್ತಿಕೊಂಡ. ಫ್ಯಾನಿನ ಗಾಳಿ ಚಳಿಯಾಗುತ್ತದೆ ಎಂದ. ಮೇ ತಿಂಗಳ ಸೆಕೆಯಲ್ಲಿ ಜೋಸೆಫ್ ಎದ್ದುಹೋಗಿ ಫ್ಯಾನ್ ಆರಿಸಿ ಬಂದು, ಬೆವರು ಒರೆಸಿಕೊಳ್ಳುತ್ತ ಕುಳಿತ.

ಅವನು ಹೋದ ಮೇಲೆ ಕೃಷ್ಣಾನಂದ ಕೇಳಿದ್ದ: "ನಾಳೆ ಬರುವಾಗ ಆ ಪೊಟ್ಟಣ ತರ್ತೀಯಾ?"

ಟವೆಲು ಜಾರಿದ ಕಡೆ ಕೂದಲ ಬುಡದಲ್ಲಿ ಬೆರಳಗಲ ಬಿಳಿ ಕಾಣುತ್ತಿತ್ತು. ಇಲ್ಲಿ ಹಾಸಿಗೆಯೆಲ್ಲ ಕಪ್ಪಾದರೆ ನರ್ಸುಗಳು ಬಯ್ಯುತ್ತಾರೆ, ಮನೆಗೆ ಹೋದ ಮೇಲೆ ನಾನೇ ಹಚ್ಚಿಕೊಡುತ್ತೇನೆ ಎಂದಿದ್ದಳು ಶಾರದ. ಅವನು ಸ್ವಲ್ಪ ಯೋಚಿಸಿ, "ಆಗ್ಲಿ, ಮನೆಗೆ ಹೋದ ಮೇಲೆ" ಎಂದು ಕಣ್ಣು ಮುಚ್ಚಿಕೊಂಡಿದ್ದ.

*

ಬಾಗಿಲಲ್ಲಿ ಭಾವನ ಹಿಂದೆ ನಿಂತಿದ್ದ ಮಗ ಮುಂದೆ ಬಂದ. ತಾಯಿಯ ಕನ್ನಡಕ್ಕೆ ಮಲಯಾಳದಲ್ಲೇ ಉತ್ತರ ಕೊಟ್ಟು ಬೆಳೆದವನು ಈಗ ಒಂದೊಂದೇ ಪದ ಹುಡುಕಿಕೊಂಡು ಕನ್ನಡದಲ್ಲಿ ಹೇಳಿದ:

"ದೊಡ್ಡಪ್ಪ, ಅಪ್ಪನಿಗೆ ಇದು ಬೇಕಿತ್ತು. ನಾನು ತಲೆ ಹಿಡೀತೇನೆ. ಅಮ್ಮ ಹಚ್ಚಲಿ."

ದಾಮೋದರ ಭಾವ ಇಬ್ಬರನ್ನೂ ನೋಡಿದರು. ಮುಂದಿನ ಕೋಣೆಗೆ ಹೋಗಿ ಜಗಲಿಗೆ ಬೆನ್ನು ಮಾಡಿ ಕುಳಿತರು. ಸ್ವಲ್ಪ ತಡವಾಗುತ್ತದೆ ಎಂದು ಅವರೇ ಭಟ್ಟರಿಗೆ ಹೇಳುವುದು ಕೇಳಿಸಿತು.

ಮಗ ಬೆಂಚಿನ ತಲೆಕಡೆ ಮೊಣಕಾಲೂರಿ ಕುಳಿತು ಎರಡೂ ಕೈಯಲ್ಲಿ ಅಪ್ಪನ ತಲೆಯನ್ನು ಎತ್ತಿ ಹಿಡಿದ. ಶಾರದ ಹಣೆಯ ಅಂಚಿಗೂ ಕಿವಿಗಳಿಗೂ ತೆಂಗಿನೆಣ್ಣೆ ಸವರಿದಳು. ಹಾಗೆ ಮಾಡಿದರೆ ಚರ್ಮಕ್ಕೆ ಕಲೆ ಹಿಡಿಯುವುದಿಲ್ಲ. ಆಮೇಲೆ ಕೂದಲನ್ನು ಎಳೆ ಎಳೆ ಬಿಡಿಸಿ ಬ್ರಶ್ಶನ್ನು ಬುಡದಿಂದ ತುದಿಗೆ ಎಳೆಯುತ್ತ ಹೋದಳು. ಜ್ವರದಲ್ಲಿ ಒರಟಾಗಿದ್ದರೂ ಕೂದಲು ದಟ್ಟವಾಗಿಯೇ ಇತ್ತು. ದಾಸವಾಳದ ಎಲೆ ಅರೆದು ತಲೆ ತೊಳೆಯುವುದು, ಕರಿಬೇವು ಹಾಕಿ ಕುದಿಸಿದ ಎಣ್ಣೆ ಹಚ್ಚುವುದು, ಇಷ್ಟೇ ಅವನ ಆರೈಕೆ. ಎರಡು ಕನ್ನಡಿಗಳ ನಡುವೆ ನಿಂತು ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಿದ್ದ. ಸವೆದ ಕಾಲರನ್ನು ಬಿಚ್ಚಿ, ಮಗುಚಿ ಹೊಲಿದು, ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದ. ಅವನಲ್ಲಿ ಇದ್ದದ್ದೇ ನಾಲ್ಕಾರು ಅಂಗಿ. ಆದರೂ ಹಡಗಿನ ಕ್ಯಾಪ್ಟನ್ನರು ಕಚೇರಿಗೆ ಬಂದರೆ ಮ್ಯಾನೇಜರನ್ನು ಬಿಟ್ಟು ಮೊದಲು ಗುಮಾಸ್ತ ಕೃಷ್ಣಾನಂದನ ಕೈ ಕುಲುಕುತ್ತಿದ್ದರೆಂದು ಜೋಸೆಫ್ ಹೇಳಿ ನಗಿಸುತ್ತಿದ್ದ.

"ಅಪ್ಪ ನನ್ನೆದುರು ತಲೆ ಬಾಚಿದ್ದು ನಾನು ನೋಡೇ ಇಲ್ಲ," ಎಂದ ಮಗ. ಅವನ ನೆತ್ತಿ ಜಗಲಿಯ ಬೆಳಕಿನಲ್ಲಿ ಹೊಳೆಯುತ್ತಿತ್ತು.

ಚಿಕ್ಕಂದಿನಲ್ಲಿ ನೋಡಿದ್ದಾನೆ, ಮರೆತಿರಬೇಕು. ಇಂಜಿನಿಯರಿಂಗ್ ಮುಗಿಯುವ ಹೊತ್ತಿಗೆ ಅವನ ಕೂದಲು ಉದುರತೊಡಗಿತ್ತು. ಎಣ್ಣೆ, ಔಷಧಿ ಯಾವುದೂ ನಾಟಲಿಲ್ಲ. ಒಂದು ಭಾನುವಾರ ಕೃಷ್ಣಾನಂದ ಹಾಲ್‌ನ ಕನ್ನಡಿಯನ್ನು ಮೊಳೆಯ ಸಮೇತ ಕಿತ್ತು ಬಚ್ಚಲಿಗೆ ಸಾಗಿಸಿದ. ಯಾಕೆಂದು ಶಾರದ ಕೇಳಿದಾಗ ಗೋಡೆಗೆ ತೇವ ಬರುತ್ತಿದೆ ಎಂದ. ಅಂದಿನಿಂದ ಮಗ ಮನೆಯಲ್ಲಿದ್ದರೆ ಅಪ್ಪನ ಬಾಚಣಿಗೆ ಹೊರಗೆ ಬರಲಿಲ್ಲ.

ಇದನ್ನು ಶಾರದ ಈಗ ಮಗನಿಗೆ ಹೇಳಿದಳು. ಅವನು ಅಪ್ಪನ ತಲೆಯನ್ನು ಇನ್ನಷ್ಟು ಜೋಪಾನವಾಗಿ ಹಿಡಿದ. ಮುಖ ತಗ್ಗಿಸಿದ್ದರಿಂದ ಅವನ ಕಣ್ಣು ಅವಳಿಗೆ ಕಾಣಲಿಲ್ಲ.

*

ಗಂಡಹೆಂಡಿರ ಸಂಸಾರ ನಡೆದದ್ದು ಹೆಚ್ಚಾಗಿ ಶನಿವಾರ, ಭಾನುವಾರಗಳಲ್ಲಿ. ಶಾರದಳಿಗೆ ತಿರುವನಂತಪುರದ ಸರ್ಕಾರಿ ಕಚೇರಿಯಲ್ಲಿ ಕನ್ನಡ ಅನುವಾದದ ಕೆಲಸ, ಅವನಿಗೆ ಕೊಚ್ಚಿಯ ಬಂದರು. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ, ದೋಣಿಯಲ್ಲಿ ಹಿನ್ನೀರು ದಾಟಿ ಎರ್ನಾಕುಳಂನಲ್ಲಿ ರೈಲು ಹಿಡಿದು ಸಂಜೆ ಇಲ್ಲಿಯ ತಂಪಾನೂರು ಸ್ಟೇಷನ್ನಿಗೆ ಬಂದಿಳಿಯುತ್ತಿದ್ದ. ಪುಟ್ಟ ಮಗನ ಕೈ ಹಿಡಿದು ಅವಳು ಸ್ಟೇಷನ್ನಿನ ಹೊರಗೆ ಕಾಯುತ್ತಿದ್ದಳು. ತುಂಬಿದ ಬೋಗಿಯಲ್ಲಿ ಅಷ್ಟು ದೂರ ಬಂದವನು ಆಗಷ್ಟೇ ಮನೆಯಿಂದ ಹೊರಟವನಂತೆ ಗರಿಗರಿಯಾಗಿ ಹೊರಗೆ ಬರುತ್ತಿದ್ದ. ಅವಳ ಜೊತೆ ಕೆಲಸ ಮಾಡುವ ಹೆಂಗಸರಿಗೆ ಅದೊಂದು ಸೋಜಿಗ. ನಿನ್ನ ಗಂಡನ ಬಟ್ಟೆಗೆ ಸುಕ್ಕೇ ಬೀಳುವುದಿಲ್ಲವೇ ಎಂದು ಕೇಳುತ್ತಿದ್ದರು.

ಒಂದು ಶನಿವಾರ ಮಗನನ್ನು ನೆರೆಮನೆಯಲ್ಲಿ ಬಿಟ್ಟು ಬಂದಿದ್ದವಳು, ಹೊರಗೆ ನಿಲ್ಲುವ ಬದಲು ಪ್ಲಾಟ್‌ಫಾರಂಗೇ ಹೋದಳು. ರೈಲು ಬಂದು ಜನ ಇಳಿದು ಹೋಗುತ್ತಿದ್ದರು. ದೂರದ ನಲ್ಲಿಯ ಹತ್ತಿರ ಬೆವರಿನ ಬನಿಯನ್ನಿನಲ್ಲಿ ಒಬ್ಬ ಗಂಡಸು ಬಗ್ಗಿ ಮುಖ ತೊಳೆಯುತ್ತಿದ್ದ. ದಣಿದು ಹೆಗಲು ಬಿದ್ದಿತ್ತು. ಅದು ಕೃಷ್ಣಾನಂದ ಎಂದು ತಿಳಿಯಲು ಅವಳಿಗೆ ಕ್ಷಣ ಹಿಡಿಯಿತು. ಅವನು ಚೀಲದಿಂದ ಪೇಪರಿನಲ್ಲಿ ಸುತ್ತಿದ್ದ ಅಂಗಿಯನ್ನು ತೆಗೆದು, ಮಡಿಕೆ ಮುರಿಯದ ಹಾಗೆ ತೊಟ್ಟು, ಗುಂಡಿ ಹಾಕಿಕೊಂಡ. ನಲ್ಲಿಯ ಕೆಳಗೆ ಬಾಚಣಿಗೆ ಒದ್ದೆ ಮಾಡಿ ಕೂದಲು ತೀಡಿದ. ತೀಡುತ್ತ ತೀಡುತ್ತ ಹೆಗಲು ನೇರವಾಯಿತು.

ಶಾರದ ಕಂಬದ ಮರೆಗೆ ಸರಿದಳು. ತನಗಾಗಿ ಒಬ್ಬ ಮನುಷ್ಯ ಇಷ್ಟೆಲ್ಲ ಮಾಡಿಕೊಳ್ಳುವುದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಅವನಿಗಿಂತ ಮುಂಚೆ ಓಡುನಡಿಗೆಯಲ್ಲಿ ಹೊರಗೆ ಬಂದು ಎಂದಿನ ಜಾಗದಲ್ಲಿ ನಿಂತಳು. ಅವನು ನಗುತ್ತ ಬಂದ. ಅಂಗಿ ಚೆನ್ನಾಗಿದೆ ಎಂದಳು. ಬೇರೇನೂ ಹೇಳಲಿಲ್ಲ, ಆಮೇಲೂ ಯಾವತ್ತೂ ಹೇಳಲಿಲ್ಲ. ಎರಡು ಸಾವಿರದ ಮೂರರಲ್ಲಿ ನಿವೃತ್ತನಾಗಿ ಅವನು ಪೂರ್ತಿ ಇಲ್ಲಿಗೇ ಬರುವವರೆಗೂ ಮತ್ತೆ ಅವಳು ಪ್ಲಾಟ್‌ಫಾರಂಗೆ ಹೋಗಲಿಲ್ಲ.

*

ಸ್ನಾನವಾಯಿತು. ಮಗ ಕೂದಲನ್ನು ನೀರು ತಿಳಿಯಾಗುವವರೆಗೆ ತೊಳೆದು ಒರೆಸಿದ. ಶಾರದ ಬೈತಲೆ ತೆಗೆದು, ಮುಂಗೂದಲನ್ನು ಸ್ವಲ್ಪ ಎತ್ತಿ ಬಾಚಿದಳು. ಬಿಳಿ ಪಂಚೆ ಉಡಿಸಿ, ಶಲ್ಯ ಹೊದಿಸಿ, ಮುಂದಿನ ಕೋಣೆಗೆ ಒಯ್ದರು.

ಬಂದಿದ್ದ ಕನ್ನಡದವರು, ಅಕ್ಕಪಕ್ಕದ ಮನೆಯವರು ಒಬ್ಬೊಬ್ಬರಾಗಿ ಬಂದು ಕೈಮುಗಿದು ಸರಿದರು. ಯಾರೂ ಏನೂ ಅನ್ನಲಿಲ್ಲ. ಬೆಳಗಿನ ರೈಲಿಗೆ ಬಂದಿದ್ದ ಜೋಸೆಫ್ ಬಹಳ ಹೊತ್ತು ನಿಂತು ನೋಡಿದ. ಮತ್ತೆ ಶಾರದಳ ಹತ್ತಿರ ಬಂದು, ಆಸ್ಪತ್ರೆಯಲ್ಲಿ ಯಾರೋ ಬೇರೆಯವರನ್ನು ನೋಡಿ ಹೋದ ಹಾಗಾಗಿತ್ತು ಚೇಚೀ, ಇವತ್ತು ಅವನನ್ನು ನೋಡಿದೆ ಎಂದು ಮಲಯಾಳದಲ್ಲಿ ಹೇಳಿದ. ಅದುವರೆಗೆ ಅಳದಿದ್ದ ಶಾರದ ಆಗ ಅತ್ತಳು.

ಭಟ್ಟರು ಹೊರಡುವ ಹೊತ್ತಾಯಿತೆಂದರು. ಅಲ್ಲಿಯವರೆಗೆ ದೂರವೇ ಕುಳಿತಿದ್ದ ದಾಮೋದರ ಭಾವ ಎದ್ದು ತಮ್ಮನ ಕಾಲಬುಡಕ್ಕೆ ಬಂದರು. ಮುಖ ನೋಡಿದವರು ನೋಡುತ್ತಲೇ ನಿಂತರು. ಭಟ್ಟರು ಮತ್ತೊಮ್ಮೆ ಕರೆಯಬೇಕಾಯಿತು.

"ಶಾಲೆಗೆ ಹೊರಟ ಹಾಗೆ ಉಂಟು," ಎಂದರು, ಯಾರಿಗೆಂದಲ್ಲದೆ.

ದೇಹವನ್ನು ಆಂಬುಲೆನ್ಸಿಗೆ ಏರಿಸಿದರು. ಮಗ ಹತ್ತಿದ, ಜೋಸೆಫ್ ಹತ್ತಿದ. ಶಾರದ ಗೇಟಿನ ಸರಳು ಹಿಡಿದು ನಿಂತಿದ್ದಳು. ಕೊನೆಯಲ್ಲಿ ಉಳಿದ ದಾಮೋದರ ಭಾವ ಮೆಟ್ಟಿಲಿಗೆ ಕಾಲಿಡಲು ಹೋದವರು ತಡೆದು, ಆಂಬುಲೆನ್ಸಿನ ಕಿಟಕಿಯ ಗಾಜಿನೆದುರು ನಿಂತರು. ರಾತ್ರಿಯ ಪ್ರಯಾಣದಲ್ಲಿ ಕೆದರಿದ್ದ ಬಿಳಿಕೂದಲನ್ನು ಅಂಗೈಯಿಂದ ಒತ್ತಿ ಒಂದು ಬದಿಗೆ ಸರಿಸಿದರು. ಅದು ಮತ್ತೆ ಎದ್ದು ನಿಂತಿತು. ಬೆರಳಿಗೆ ಎಂಜಲು ಮುಟ್ಟಿಸಿಕೊಂಡು ಇನ್ನೊಮ್ಮೆ ಒತ್ತಿ ಕೂರಿಸಿದರು. ಆಮೇಲೆ ತಲೆ ಬಗ್ಗಿಸಿ ಒಳಗೆ ಹತ್ತಿ ತಮ್ಮನ ಪಕ್ಕದಲ್ಲಿ ಕುಳಿತರು.