ಬಲೆಯ ಗಂಟು

ದೂಜನಿಗೆ ಯಾರ ಮೇಲೂ ನಂಬಿಕೆಯಿಲ್ಲ ಎಂದು ಮುಂಬಯಿಯ ಸಯನ್ನಿನಲ್ಲಿ ಜನ ಆಡಿಕೊಳ್ಳುತ್ತಿದ್ದರು. ಅದು ಪೂರ್ತಿ ನಿಜವಲ್ಲ. ತನ್ನ ಮೇಲೆ ಅವನಿಗೆ ಬೇಕಾದಷ್ಟು ನಂಬಿಕೆಯಿತ್ತು. ಸ್ಟೇಷನ್ನಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಹದಿನೈದು ವರ್ಷಗಳಿಂದ ಮೋಟಾರು ಗಾಡಿಗಳ ವಯರಿಂಗ್ ಮಾಡುತ್ತಿದ್ದವನು ಅವನು. ತನ್ನ ಕೈ ಬಿದ್ದ ಗಾಡಿ ಎಂದೂ ಹೊಗೆಯಾಡಿದ್ದಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ.

೧೯೫೬ರ ಆ ಬೆಳಿಗ್ಗೆ ನಾಲ್ಕು ಜನ ತಳ್ಳಿಕೊಂಡು ಬಂದ ಕಪ್ಪು ಕಾರು ವಿಮಾ ಕಂಪನಿಯ ಹೆಡ್‌ಕ್ಲಾರ್ಕ್ ಸತ್ಯಮೂರ್ತಿಗಳದ್ದು. ಯುದ್ಧಕ್ಕೂ ಮುಂಚಿನ ಇಂಗ್ಲಿಷ್ ಗಾಡಿ. ಹಿಂದಿನ ಸಂಜೆ ದೀಪ ಹಾಕಿದ ಕೂಡಲೇ ಡ್ಯಾಶ್‌ಬೋರ್ಡಿನಡಿಯಿಂದ ಹೊಗೆ ಎದ್ದಿತ್ತು. ಹಿಂದಿನ ಸೀಟಿನಲ್ಲಿ ಮಗಳು ಶಾಮಲಾ ಇದ್ದಳು. ಅವಳನ್ನು ಎಳೆದುಕೊಂಡು ಹೊರಗೆ ಹಾರಿದ್ದರಲ್ಲಿ ಸತ್ಯಮೂರ್ತಿಗಳ ಮೊಣಕಾಲು ತರಚಿಹೋಗಿತ್ತು.

"ಯಾರೋ ಬೇಕು ಅಂತಲೇ ಮಾಡಿರೋ ಕೆಲಸ ಕಣಯ್ಯ ಇದು" ಎಂದರು ಅವರು. "ಹೋದ ತಿಂಗಳು ಘಾಟ್ಕೋಪರಿನಲ್ಲಿ ಸಿದ್ದಲಿಂಗಪ್ಪನ ಗ್ಯಾರೇಜಿಗೆ ಬ್ರೇಕ್ ಸರಿಮಾಡೋಕೆ ಬಿಟ್ಟಿದ್ದೆ. ಅಲ್ಲಿಂದ ಬಂದ ಮೇಲೇ ಹೀಗಾಗಿದ್ದು."

ಘಾಟ್ಕೋಪರ್ ಎಂದದ್ದೇ ದೂಜನ ಕಿವಿ ನೆಟ್ಟಗಾಯಿತು. ಅವನ ತಂಗಿ ವಾರಿಜಳ ಗಂಡ ಅಂಗಾರ ಕೆಲಸ ಮಾಡುತ್ತಿದ್ದುದು ಅದೇ ಗ್ಯಾರೇಜಿನಲ್ಲಿ. ಐವತ್ತೊಂದರಲ್ಲಿ ಮಲ್ಪೆಯಿಂದ ಬರಿಗೈಯಲ್ಲಿ ಬಂದವನಿಗೆ ಬೆಸುಗೆ ಹಾಕುವುದರಿಂದ ಹಿಡಿದು ಎಲ್ಲವನ್ನೂ ದೂಜನೇ ಕಲಿಸಿದ್ದ. ಆರು ತಿಂಗಳ ಹಿಂದೆ ಅಂಗಾರ, ತಾನು ಬಾಡಿಗೆಗಿರುವ ಚಾಳಿಗೆ ಹತ್ತಿರವಾಗುತ್ತದೆ ಎಂದು ಹೇಳಿ ಶೆಡ್ಡು ಬಿಟ್ಟು ಘಾಟ್ಕೋಪರಿಗೆ ಹೋದ. ಹತ್ತಿರವಂತೆ ಹತ್ತಿರ, ಉಂಡ ಮನೆಯ ಜಂತೆ ಎಣಿಸುವವನು, ಎಂದು ದೂಜ ಅಂದಿನಿಂದ ಒಳಗೊಳಗೇ ಕುದಿಯುತ್ತಿದ್ದ.

ಅಂಗಾತ ಮಲಗಿ ಡ್ಯಾಶ್‌ಬೋರ್ಡಿನಡಿಗೆ ತಲೆ ತೂರಿಸಿದ. ರಬ್ಬರು ಕರಗಿ ವಯರುಗಳೆಲ್ಲ ಒಂದಕ್ಕೊಂದು ಅಂಟಿದ್ದವು. ಮಸಿಯ ನಡುವೆ ಬೆರಳಿಗೆ ಒಂದು ಜೋಡಣೆ ಸಿಕ್ಕಿತು. ಅದರ ಮೇಲೆ ದಾರದ ಗಂಟು. ಮೀನಿನ ಬಲೆ ನೇಯುವಾಗ ಹಾಕುವ, ಎಳೆದಷ್ಟೂ ಬಿಗಿಯಾಗುವ ಗಂಟು. ಬೇರೆ ವಯರ್‌ಮನ್ನುಗಳು ಜೋಡಣೆಗೆ ಬರೀ ಟೇಪು ಸುತ್ತುತ್ತಾರೆ. ಮೇಣದ ದಾರದಿಂದ ಹೀಗೆ ಬಲೆಯ ಗಂಟು ಹಾಕಿ ಬಿಗಿಯುವವರು ಇಡೀ ಮುಂಬಯಿಯಲ್ಲಿ ಇಬ್ಬರೇ. ಒಬ್ಬ ದೂಜ, ಇನ್ನೊಬ್ಬ ಅವನಿಂದ ಕಲಿತ ಅಂಗಾರ.

ಅದರ ಕೆಳಗಿನ ವಯರನ್ನು ನೋಡಿದ ಮೇಲಂತೂ ದೂಜನಿಗೆ ಮೈ ಉರಿಯಿತು. ಕಾರಿನ ದಪ್ಪ ವಯರಿಗೆ ಮನೆಯಲ್ಲಿ ಬಲ್ಬು ತೂಗುಹಾಕುವ ತೆಳು ವಯರನ್ನು ಸೇರಿಸಿದ್ದರು. ದೀಪದ ಕರೆಂಟು ಅದರಲ್ಲಿ ಹರಿದರೆ ಬಿಸಿಯಾಗದೆ ಇದ್ದೀತೇ? ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ. ಆ ಗಂಟು ಹಳೆಯದೋ ಹೊಸದೋ ಎಂದು ನೋಡುವ ವ್ಯವಧಾನವೂ ಅವನಿಗೆ ಉಳಿಯಲಿಲ್ಲ.

ಜೋಡಣೆಯನ್ನು ಕತ್ತರಿಸಿ ತಂದು ಸತ್ಯಮೂರ್ತಿಗಳ ಮುಂದೆ ಹಿಡಿದ.

"ಬ್ರೇಕಿಗೆ ಬಿಟ್ಟ ಗಾಡಿಯ ವಯರಿಗೆ ಕೈ ಹಾಕಿದ್ದಾನೆ ಸ್ವಾಮಿ. ಒಳ್ಳೆ ವಯರು ತೆಗೆದು ಇದನ್ನು ಸೇರಿಸಿದ್ದಾನೆ. ಈ ಗಂಟು ಅಂಗಾರನದ್ದು."

"ಖಂಡಿತವಾಗಿ ಹೇಳ್ತೀಯಾ?"

"ನಾನು ಕಲಿಸಿದ್ದು ನನಗೆ ಗೊತ್ತಾಗುವುದಿಲ್ವಾ?"

ಅಂಗಾರ ತನ್ನ ತಂಗಿಯ ಗಂಡ ಎಂಬುದನ್ನು ಅವನು ಹೇಳಲಿಲ್ಲ. ಹೇಳಿದ್ದರೆ ಮಾತಿನ ತೂಕ ಕಡಿಮೆಯಾಗುತ್ತಿತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು ಸತ್ಯಮೂರ್ತಿಗಳು. ಜೋಡಣೆಯನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಕುಂಟುತ್ತಲೇ ಘಾಟ್ಕೋಪರಿನ ಲೋಕಲ್ ರೈಲು ಹಿಡಿದರು.

ಅವರು ಹೋದ ಮೇಲೆ ದೂಜನಿಗೆ ವಾರಿಜಳ ನೆನಪಾಯಿತು. ಅಂಗಾರನ ಕೆಲಸ ಹೋದರೆ ಅವಳ ಒಲೆಯೂ ಆರುತ್ತದೆ. ಆದರೇನು, ತಪ್ಪು ಮಾಡಿದವನಿಗೆ ಬುದ್ಧಿ ಬರಬೇಡವೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಬಾನೆಟ್ಟು ಎತ್ತಿದ. ಸುಟ್ಟ ವಯರು ಇಂಜಿನ್ನಿನ ಹಿಂದಿನ ತಗಡನ್ನು ದಾಟಿ ದೀಪದ ಕಡೆಗೆ ಹೋಗಿತ್ತು. ಬೆಂಕಿ ಅಲ್ಲಿಯವರೆಗೆ ಬಂದಿರಲಿಲ್ಲ. ತೆಳು ವಯರಿನ ಇನ್ನೊಂದು ತುದಿ ಅಲ್ಲಿತ್ತು. ಅದರ ಮೇಲೂ ಬಲೆಯ ಗಂಟು. ಗಂಟಿನ ಮೇಲೆ ಕಪ್ಪು ಬಣ್ಣ.

ದೂಜ ಚಿಂದಿಯಿಂದ ಒರೆಸಿದ. ಮಸಿಯಲ್ಲ, ಬಣ್ಣವೇ. ಉಗುರಿನಿಂದ ಕೆರೆದಾಗ ಗಟ್ಟಿ ಚಕ್ಕೆ ಎದ್ದುಬಂತು. ತಗಡಿಗೆ ಬಣ್ಣ ಹೊಡೆದಾಗ ಗಂಟಿನ ಮೇಲೂ ಬಿದ್ದಿತ್ತು. ಪಕ್ಕದ ತಗಡಿನಲ್ಲಿ ಚಕ್ಕೆ ಎದ್ದ ಕಡೆ ಅಡಿಯ ಬಣ್ಣ ಹಸಿರಾಗಿತ್ತು. ನಲವತ್ತೊಂಬತ್ತರಲ್ಲಿ ಗಾಡಿ ಕೊಂಡಾಗ ತಾವೇ ಕಪ್ಪು ಹೊಡೆಸಿದ್ದಾಗಿ ಸತ್ಯಮೂರ್ತಿಗಳು ಬೆಳಿಗ್ಗೆಯಷ್ಟೇ ಜಂಬ ಕೊಚ್ಚಿಕೊಂಡಿದ್ದರು. ಬಣ್ಣದ ಅಡಿಯಲ್ಲಿರುವ ಗಂಟು ಅದಕ್ಕಿಂತ ಹಳೆಯದು. ಆಗ ಅಂಗಾರ ಮಲ್ಪೆಯಲ್ಲಿ ದೋಣಿ ಎಳೆಯುತ್ತಿದ್ದ.

ದೂಜನಿಗೆ ಯುದ್ಧದ ಕಾಲದಲ್ಲಿ ಬಂದ ಒಂದು ಹಸಿರು ಕಾರು ನೆನಪಾಯಿತು. ಪೇಟೆಯಲ್ಲಿ ಮೋಟಾರು ವಯರು ಒಂದು ಗೇಣೂ ಸಿಗುತ್ತಿರಲಿಲ್ಲ. ಸದ್ಯಕ್ಕೆ ನಡೆಯಲಿ, ಒಳ್ಳೆಯದು ಬಂದ ಮೇಲೆ ಬದಲಿಸಿದರಾಯಿತು ಎಂದು ಮನೆಯ ವಯರು ಸೇರಿಸಿ ಕಳಿಸಿದ್ದ. ಗಾಡಿ ಮತ್ತೆ ಬರಲಿಲ್ಲ, ಅವನೂ ಮರೆತುಬಿಟ್ಟ. ಹನ್ನೆರಡು ವರ್ಷ ಬಿಸಿಯಾಗಿ ಬಿಸಿಯಾಗಿ ಆ ರಬ್ಬರು ಪುಡಿಯಾಗಿತ್ತು. ಸುಟ್ಟದ್ದು ಅವನ ಕೆಲಸವೇ.

ಶೆಡ್ಡಿಗೆ ಬೀಗವನ್ನೂ ಹಾಕದೆ ಸ್ಟೇಷನ್ನಿಗೆ ಓಡಿದ. ಘಾಟ್ಕೋಪರಿನ ಗ್ಯಾರೇಜು ಮುಟ್ಟಿದಾಗ ಅಂಗಾರ ತನ್ನ ಇಕ್ಕಳ, ಸ್ಕ್ರೂಡ್ರೈವರುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಮೇಜಿನ ಮೇಲೆ ಕರವಸ್ತ್ರ ಬಿಚ್ಚಿಕೊಂಡು ಬಿದ್ದಿತ್ತು.

"ಆ ಗಂಟು ನನ್ನದು" ಎಂದ ದೂಜ ಏದುಸಿರು ಬಿಡುತ್ತ. "ಯುದ್ಧದ ಕಾಲದಲ್ಲಿ ನಾನೇ ಹಾಕಿದ್ದು. ಇವನದ್ದೇನೂ ತಪ್ಪಿಲ್ಲ."

ಗ್ಯಾರೇಜಿನ ಯಜಮಾನ ಸಿದ್ದಲಿಂಗಪ್ಪ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ನೀವು ಇವನ ಹೆಂಡತಿ ಅಣ್ಣ ಅಲ್ಲೇನ್ರಿ? ಮುಂಜಾನೆ ಇವನ ಹೆಸರು ಹೇಳಿ ಕಳಿಸ್ತೀರಿ, ಈಗ ತಂಗಿ ನೆನಪಾಗಿ ಓಡಿ ಬರ್ತೀರಿ. ಯಾವುದು ನಂಬ್ಲಿ ನಾ?"

"ತಂಗಿಯ ಗಂಡನಾ?" ಸತ್ಯಮೂರ್ತಿಗಳ ಮುಖ ಕೆಂಪಾಯಿತು. "ನನಗೆ ಹೇಳಲೇ ಇಲ್ಲವಲ್ಲ ನೀನು."

ಜೀವಮಾನದಲ್ಲಿ ಯಾರನ್ನೂ ನಂಬದವನನ್ನು, ಅವನು ನಿಜ ಹೇಳಿದ ದಿನವೇ ಯಾರೂ ನಂಬಲಿಲ್ಲ. ದೂಜ ಕೈ ಮುಗಿದ. ಇನ್ನೊಂದು ಗಂಟು ಗಾಡಿಯಲ್ಲೇ ಇದೆ, ಅದರ ಮೇಲೆ ನಿಮ್ಮ ಕಪ್ಪು ಬಣ್ಣ ಇದೆ, ಬಂದು ನಿಮ್ಮ ಕೈಯಾರೆ ಕೆರೆದು ನೋಡಿ ಎಂದು ಬೇಡಿಕೊಂಡ. ಸಿದ್ದಲಿಂಗಪ್ಪ ಏಳಲಿಲ್ಲ. ಅಂಗಾರ ಚೀಲದ ಬಾಯಿ ಕಟ್ಟಿದ. ಕೊನೆಗೆ ಸತ್ಯಮೂರ್ತಿಗಳೇ ಎದ್ದರು, ಚೀಲ ಹೊತ್ತು ಅಂಗಾರನೂ ಅವರ ಹಿಂದೆ ಹೊರಟ.

ಸಯನ್ನಿನಲ್ಲಿ ಅವರು ಟಾರ್ಚಿನ ಬೆಳಕು ಬಿಟ್ಟು, ಕನ್ನಡಕ ಏರಿಸಿ, ಬೀಗದ ಕೈಯಿಂದ ಗಂಟನ್ನು ಕೆರೆದರು. ಒಂದಲ್ಲ, ಮೂರು ಸಲ.

"ಇದು ನಾನು ಹೊಡೆಸಿದ ಬಣ್ಣವೇ. ಸಿದ್ದಲಿಂಗಪ್ಪನಿಗೆ ಚೀಟಿ ಬರೆದುಕೊಡ್ತೀನಿ" ಎಂದು ಅಂಗಾರನಿಗೆ ಹೇಳಿದರು. ಬರೆದೂ ಕೊಟ್ಟರು. ದೂಜನ ಕಡೆ ತಿರುಗಿ, "ನಾಳೆ ಗಾಡಿನ ಬೇರೆ ಕಡೆಗೆ ಸಾಗಿಸ್ತೀನಿ" ಎಂದಷ್ಟೇ ಹೇಳಿ ಹೊರಟುಹೋದರು.

ಶೆಡ್ಡಿನಲ್ಲಿ ಭಾವಂದಿರಿಬ್ಬರೇ ಉಳಿದರು. ದೂಜ ಬಾನೆಟ್ಟು ಮುಚ್ಚಿ ಕೇಳಿದ.

"ಅವರು ಗಂಟು ತೋರಿಸಿದಾಗ ನಿನಗೆ ಗೊತ್ತಾಗಲಿಲ್ವಾ?"

"ಗೊತ್ತಾಗದೆ ಏನು? ಆ ಗಂಟು ಹಾಕುವವರು ಇಬ್ಬರೇ. ನಾನಲ್ಲ ಅಂತ ನನಗೆ ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ ಮಾರಾಯ?"

ಅಂಗಾರ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು ಚೀಲ ಎತ್ತಿದ.

"ನಿಮ್ಮ ಹೆಸರು ಹೇಳಲಿಕ್ಕೆ ಬಾಯಿ ಬರಲಿಲ್ಲ ಭಾವ" ಎಂದ. "ನಿಮಗೆ ಹೇಗೆ ಬಂತು?"